ಇವ್ರೆಸ್: ಒಬ್ಬರಿಗೆ ಹಣ್ಣಿನ ಘಮ, ಇನ್ನೊಬ್ಬರಿಗೆ ಪಾಚಿಯ ಸೊಗಡು – ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಈವ್ ಸಾಂ ಲೋರಾಂ ಕಂಪನಿಯ ಇವ್ರೆಸ್ ಎಂಬ ಪರ್ಫ್ಯೂಮಿನ ಬಗ್ಗೆ ಇಬ್ಬರ ಅಭಿಪ್ರಾಯ ಒಂದೇ ಆಗಿದ್ದನ್ನು ನಾನು ಕಂಡದ್ದು ಅಪರೂಪ. ಒಬ್ಬರು ಮಾಗಿದ ಪೀಚ್ ಹಣ್ಣು ಅಂತಾರೆ, ಪಕ್ಕದವರು ಒದ್ದೆ ಮರದ ತೊಗಟೆ ಅಂತಾರೆ, ಮೂರನೆಯವರಿಗೆ ಕೆಮ್ಮಿನ ಸಿರಪ್ ನೆನಪಾಗುತ್ತದೆ. ಅಭಿಪ್ರಾಯ ಎಷ್ಟೇ ಬೇರೆಯಾದರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಶಾಂಪೇನ್ ಅಂತ ಒಂದು ಪರ್ಫ್ಯೂಮ್ ಇತ್ತಲ್ಲ, ಇವ್ರೆಸ್ ಅದೇನಾ?

ಅದೇ. 1993ರಲ್ಲಿ ಇದು ‘ಶಾಂಪೇನ್’ ಎಂಬ ಹೆಸರಿನಲ್ಲೇ ಮಾರುಕಟ್ಟೆಗೆ ಬಂತು. ಪರಿಮಳ ಕಟ್ಟಿದವರು ಸೋಫಿಯಾ ಗ್ರೋಜ್‌ಸ್ಮನ್. ಬೆಲಾರೂಸ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ನೆಲೆನಿಂತ ಈಕೆ ಇದೇ ಕಂಪನಿಗೆ 1983ರಲ್ಲಿ ‘ಪ್ಯಾರಿಸ್’, ಲಾಂಕೋಮ್ ಕಂಪನಿಗೆ 1990ರಲ್ಲಿ ‘ಟ್ರೆಸೋರ್’ ಮಾಡಿಕೊಟ್ಟವರು. ಗುಲಾಬಿ ಮತ್ತು ಪೀಚ್ ಇವರ ಕೈಯಲ್ಲಿ ಪಳಗಿದ ವಸ್ತುಗಳು.

ಬಾಟಲಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಶಾಂಪೇನ್ ಬಾಟಲಿಯ ಬಿರಡೆಯನ್ನು ಕಿತ್ತು ಮೇಜಿನ ಮೇಲೆ ನಿಲ್ಲಿಸಿದ ಆಕಾರ. ಮೇಲೆ ಗುಂಡು ತಲೆ, ಸುತ್ತ ಬಂಗಾರದ ಬಣ್ಣದ ತಂತಿ.

ಮತ್ತೆ ಹೆಸರು ಯಾಕೆ ಬದಲಾಯಿತು? ಪರಿಮಳ ಬದಲಾಯಿಸಿದ್ದಕ್ಕಾ?

ಅಲ್ಲ, ಕೋರ್ಟಿನ ಕಾರಣಕ್ಕೆ. ಫ್ರಾನ್ಸಿನ ಈಶಾನ್ಯದಲ್ಲಿರುವ ಶಾಂಪೇನ್ ಸೀಮೆಯಲ್ಲಿ, ಅಲ್ಲಿನ ನಿಯಮದ ಪ್ರಕಾರ ಬೆಳೆದು ತಯಾರಿಸಿದ ನೊರೆಯುಕ್ಕುವ ವೈನಿಗೆ ಮಾತ್ರ ಆ ಹೆಸರು ಸಲ್ಲಬೇಕು. ಎಪರ್ನೇ, ರಾಂಸ್ ಊರುಗಳ ಸುತ್ತಲಿನ ದ್ರಾಕ್ಷಿ ಬೆಳೆಗಾರರು ಮತ್ತು ವೈನ್ ತಯಾರಕರದ್ದು 1941ರಿಂದಲೂ ಒಂದು ಒಕ್ಕೂಟವಿದೆ. ಪರ್ಫ್ಯೂಮಿಗೆ ತಮ್ಮ ಸೀಮೆಯ ಹೆಸರಿಟ್ಟದ್ದನ್ನು ಆ ಒಕ್ಕೂಟ ಕೋರ್ಟಿಗೆ ಎಳೆಯಿತು. 1993ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ನ್ಯಾಯಾಲಯ ಬೆಳೆಗಾರರ ಪರ ತೀರ್ಪು ಕೊಟ್ಟಿತು, ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಪರ್ಫ್ಯೂಮ್ ಕೊಂಡವರು ಅದನ್ನು ವೈನ್ ಅಂದುಕೊಂಡು ಕುಡಿಯುತ್ತಾರೆ ಅನ್ನೋದು ವಾದವಾಗಿರಲಿಲ್ಲ. ತಲೆಮಾರುಗಳ ದುಡಿಮೆಯಿಂದ ಬಂದ ಹೆಸರಿನ ಬೆಲೆಯನ್ನು ಬೇರೊಂದು ಸರಕು ಪುಕ್ಕಟೆ ಬಳಸಿಕೊಂಡು ಸವೆಸುತ್ತದೆ ಅನ್ನೋದು ವಾದ. ಅದೇ ಹೆಸರಿಟ್ಟುಕೊಂಡ ಸಿಗರೇಟೊಂದನ್ನೂ 1984ರಲ್ಲಿ ಫ್ರಾನ್ಸಿನ ಕೋರ್ಟ್ ತಡೆದಿತ್ತು.

ಕೆಲವು ದೇಶಗಳಲ್ಲಿ ಹಳೇ ಹೆಸರಲ್ಲೇ ಸ್ವಲ್ಪ ಕಾಲ ಮಾರಾಟ ನಡೆದು, 1996ರ ಹೊತ್ತಿಗೆ ‘ಇವ್ರೆಸ್’ ಬಂತು. ಕ್ಯಾರನ್ ಎಂಬ ಹಳೆಯ ಫ್ರೆಂಚ್ ಪರ್ಫ್ಯೂಮ್ ಕಂಪನಿಯ ‘ರೊಯಾಲ್ ಬ್ಯಾಂ ದ ಶಾಂಪೇನ್’ ಕೂಡ ಹೀಗೇ ಕೊನೆಗೆ ‘ರೊಯಾಲ್ ಬ್ಯಾಂ ದ ಕ್ಯಾರನ್’ ಆಗಬೇಕಾಯಿತು.

ತೀರ್ಪು ಸರಿಯಾಗಿಯೇ ಇದೆ ಅಂತ ನನ್ನ ಅಭಿಪ್ರಾಯ. ಮೈಸೂರು ಗಂಧದೆಣ್ಣೆಗೆ ನಮ್ಮಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಎಲ್ಲಿಯದೋ ಮರದ ಎಣ್ಣೆಗೆ ಯಾರೋ ‘ಮೈಸೂರು’ ಅಂತ ಚೀಟಿ ಅಂಟಿಸಿದರೆ ನಮಗೆ ಸಿಟ್ಟು ಬರಬೇಕಾದದ್ದೇ. ಅಂದಹಾಗೆ ಭಾರತದಲ್ಲೂ ಅದೇ ಕಾಯ್ದೆಯಡಿ ಶಾಂಪೇನ್ ಹೆಸರು ನೋಂದಣಿಯಾಗಿದೆ.

ಇದರಲ್ಲಿ ನಿಜವಾಗಿ ಶಾಂಪೇನ್ ಇದೆಯಾ? ಹಚ್ಚಿಕೊಂಡರೆ ಹೆಂಡದ ವಾಸನೆ ಬರುತ್ತಾ?

ಇಲ್ಲ, ಬರಲ್ಲ. ಬೇರೆ ಎಲ್ಲ ಸ್ಪ್ರೇಗಳಂತೆ ಇದರಲ್ಲೂ ಇರುವುದು ಕುಡಿಯಲಾಗದ ಹಾಗೆ ಮಾಡಿದ ಆಲ್ಕೋಹಾಲು. ಹಚ್ಚಿದ ಒಂದೆರಡು ನಿಮಿಷದಲ್ಲಿ ಅದು ಆವಿಯಾಗುತ್ತದೆ. ಪೂಜೆಗೆ, ದೇವಸ್ಥಾನಕ್ಕೆ ಹೋಗುವಾಗ ಆಲ್ಕೋಹಾಲಿನ ಪರ್ಫ್ಯೂಮೇ ಬೇಡ ಅನ್ನುವವರು ಇದನ್ನೂ ಬಿಡಬೇಕಾಗುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಅಸಲಿ ಶಾಂಪೇನಿನ ವಾಸನೆಗೂ ಇದಕ್ಕೂ ಹತ್ತಿರದ ಸಂಬಂಧವಿಲ್ಲ. ಆ ವೈನು ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತದೆ, ಯೀಸ್ಟಿನ ಗಸಿಯ ಜೊತೆ ತಿಂಗಳುಗಟ್ಟಲೆ ಕೂರುತ್ತದೆ. ಹಾಗಾಗಿ ಅದರಲ್ಲಿ ಹಸಿರು ಸೇಬು, ನಿಂಬೆಜಾತಿಯ ಹಣ್ಣು, ಆಗತಾನೆ ಬೇಯಿಸಿದ ಬ್ರೆಡ್ಡಿನ ಘಮ ಇರುತ್ತದೆ. ಇವ್ರೆಸ್‌ನಲ್ಲಿ ಬ್ರೆಡ್ಡೂ ಇಲ್ಲ, ಯೀಸ್ಟೂ ಇಲ್ಲ. ವೈನನ್ನೇ ಹುಡುಕಿಕೊಂಡು ಹೋದವರು ‘ಮೋಸ’ ಅನ್ನುವುದು ಇದಕ್ಕೇ. ಇಲ್ಲಿರುವುದು ಆ ಬಿರಡೆ ಹಾರುವ ಗಳಿಗೆಯ ಲವಲವಿಕೆ.

ಹಾಗಾದರೆ ಆ ಗುಳ್ಳೆಯ ಚುರುಕು ಎಲ್ಲಿಂದ ಬರುತ್ತೆ?

ಇವ್ರೆಸ್ ಕಟ್ಟಿದ ಕೈಚಳಕ ಕಾಣುವುದೇ ಇಲ್ಲಿ. ಸೋಡಾದ ಗುಳ್ಳೆಗೆ, ಅಂದರೆ ಇಂಗಾಲದ ಡೈಆಕ್ಸೈಡಿಗೆ, ವಾಸನೆಯೇ ಇಲ್ಲ. ಅದು ಬಾಯಲ್ಲಿ ಮೂಗಲ್ಲಿ ಆಮ್ಲವಾಗಿ ಬದಲಾಗಿ ನರಗಳನ್ನು ಚುರುಗುಟ್ಟಿಸುತ್ತದೆ. ಆ ಚುರುಗುಟ್ಟುವಿಕೆಯನ್ನೇ ನಾವು ‘ಗುಳ್ಳೆ’ ಅಂತ ಅನುಭವಿಸುವುದು. ಪರ್ಫ್ಯೂಮಿನಲ್ಲಿ ಗ್ಯಾಸ್ ತುಂಬಲು ಆಗದು, ಹಾಗಾಗಿ ಆ ನರಗಳನ್ನೇ ಬೇರೆ ದಾರಿಯಿಂದ ಮುಟ್ಟಬೇಕು.

ಗ್ರೋಜ್‌ಸ್ಮನ್ ಹಿಡಿದ ದಾರಿ ಪುದೀನ ಮತ್ತು ಚಕ್ರಮೊಗ್ಗು. ತಣ್ಣನೆಯದನ್ನು ಗುರುತಿಸುವ ನರತುದಿಗಳನ್ನೇ ಪುದೀನದ ಮೆಂಥಾಲ್ ಕೆರಳಿಸುತ್ತದೆ, ಆದ್ದರಿಂದ ಮೊದಲ ಉಸಿರಿಗೇ ಮೂಗಿನ ತುದಿ ತಣ್ಣಗಾದಂತೆ ಅನಿಸುತ್ತದೆ. ಚಕ್ರಮೊಗ್ಗು ಅದರ ಬೆನ್ನಿಗೇ ಸಿಹಿಖಾರದ ಒಂದು ಗೀರು ಎಳೆಯುತ್ತದೆ. ಇವೆರಡರ ಕೆಳಗೆ ಪೀಚ್ ಜಾತಿಯ ನೆಕ್ಟರಿನ್ ಹಣ್ಣು: ಸಿಪ್ಪೆ ಕಚ್ಚಿದಾಗಿನ ಹುಳಿ ಮೊದಲು, ತಿರುಳಿನ ಸಿಹಿ ಆಮೇಲೆ. ಮಣಿಕಟ್ಟಿಗೆ ಒಂದು ಸಲ ಒತ್ತಿ ಮೂಗಿನಿಂದ ಒಂದು ಗೇಣು ದೂರ ಹಿಡಿದರೆ ಈ ಮೂರೂ ಒಂದರ ಹಿಂದೊಂದು ಬರುವುದು ಗೊತ್ತಾಗುತ್ತದೆ. ಮೂಗಿಗೆ ಅಂಟಿಸಿಕೊಂಡರೆ ಎಲ್ಲ ಸೇರಿ ಒಂದೇ ಸಿಹಿ ಮುದ್ದೆ.

ನೆಕ್ಟರಿನ್, ಪೀಚ್, ಲಿಚಿ ಇವುಗಳಿಂದ ಮಲ್ಲಿಗೆಯಿಂದ ತೆಗೆದಂತೆ ಪರಿಮಳ ತೆಗೆಯಲು ಬರುವುದಿಲ್ಲ. ನಿಂಬೆಜಾತಿಯವನ್ನು ಬಿಟ್ಟರೆ ಪರ್ಫ್ಯೂಮಿನ ಹಣ್ಣುಗಳು ಬಹುಮಟ್ಟಿಗೆ ಪ್ರಯೋಗಾಲಯದ ಅಣುಗಳನ್ನು ಜೋಡಿಸಿ ಮಾಡಿದವು.

ಒಂದೇ ಬಾಟಲಿಗೆ ಇಷ್ಟು ಬೇರೆ ಬೇರೆ ಅಭಿಪ್ರಾಯ ಯಾಕೆ? ಯಾರ ಮೂಗು ಸರಿ?

ಎಲ್ಲರ ಮೂಗೂ ಸರಿ. ಯಾರು, ಯಾವಾಗ, ಯಾವ ಬಾಟಲಿಯಿಂದ ಮೂಸಿದರು ಅನ್ನೋದು ಮುಖ್ಯ.

ಮೊದಲನೆಯದಾಗಿ, ಇವ್ರೆಸ್ ಕಟ್ಟಿರುವುದೇ ಎರಡು ಸ್ವಭಾವಗಳನ್ನು ಎದುರುಬದುರು ಕೂರಿಸಿ. ಮೇಲೆ ಹಣ್ಣು ಮತ್ತು ಪುದೀನ. ನಡುವೆ ಗುಲಾಬಿ, ಲಿಚಿ. ಕೆಳಗೆ ಪಾಚಿಯ ವಾಸನೆಯ ಓಕ್‌ಮಾಸ್, ಮಣ್ಣಿನ ಘಮದ ಪಚೋಲಿ ಎಲೆ, ಲಾವಂಚ. ಹಗುರ ಅಣುಗಳು ಬೇಗ ಹಾರಿಹೋಗುತ್ತವೆ, ಭಾರದವು ಉಳಿಯುತ್ತವೆ. ಅಂಗಡಿಯಲ್ಲಿ ಐದು ನಿಮಿಷ ಮೂಸಿ ಬಂದವರು ಹಣ್ಣಿನ ಸುದ್ದಿ ಹೇಳುತ್ತಾರೆ. ಬೆಳಿಗ್ಗೆ ಹಚ್ಚಿ ಸಂಜೆ ಸೀರೆಯ ಸೆರಗು ಮೂಸಿದವರು ಪಾಚಿಯ ಸುದ್ದಿ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೊದಲ ಐದು ನಿಮಿಷದಲ್ಲೇ ತೀರ್ಪು ಕೊಟ್ಟವರು ಇವ್ರೆಸ್‌ನ ಅರ್ಧವನ್ನೂ ನೋಡಿಲ್ಲ ಅಂತ ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಎರಡನೆಯದು ಹುಟ್ಟಿನಿಂದ ಬಂದದ್ದು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳಲ್ಲಿ ಸುಮಾರು 400 ಬಗೆಗಳಿವೆ, ಅವು ಎಲ್ಲರಲ್ಲೂ ಒಂದೇ ಥರ ಕೆಲಸ ಮಾಡುವುದಿಲ್ಲ. ಬೀಟಾ ಅಯೊನೋನ್ ಎಂಬ ಅಣುವನ್ನೇ ನೋಡಿ. ವಯಲೆಟ್ ಹೂವಿನ ಘಮದ ಮೂಲ ಅದು, ಅನೇಕ ಹಣ್ಣುಗಳಲ್ಲೂ ಇದೆ. ಒಂದು ಜೀನಿನ ವ್ಯತ್ಯಾಸದಿಂದ ಕೆಲವರಿಗೆ ಅದು ಸ್ಪಷ್ಟವಾಗಿ ಹೂವಿನ ಪರಿಮಳ, ಇನ್ನು ಕೆಲವರಿಗೆ ಮಂಕಾದ ಹುಳಿ ವಾಸನೆ. ಪರ್ಫ್ಯೂಮುಗಳಲ್ಲಿ ಧಾರಾಳವಾಗಿ ಬಳಸುವ ಕೆಲವು ಕಸ್ತೂರಿ ಅಣುಗಳೂ ಹೀಗೆಯೇ, ಕೆಲವರ ಮೂಗಿಗೆ ಅವು ಗೊತ್ತೇ ಆಗುವುದಿಲ್ಲ. ಒಂದು ಪರಿಮಳದ ನಾಲ್ಕಾರು ದಾರಗಳು ನಿಮಗೆ ಕಾಣದಿದ್ದರೆ ಉಳಿದ ನೇಯ್ಗೆ ಬೇರೆಯಾಗಿ ಕಾಣಲೇಬೇಕಲ್ಲ!

ಲಿಚಿಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ರೋಸ್ ಆಕ್ಸೈಡ್ ಎಂಬ ಅಣು ಗುಲಾಬಿಯಲ್ಲೂ ಇದೆ, ಲಿಚಿ ಹಣ್ಣಿನಲ್ಲೂ ಇದೆ. ಲಿಚಿ ತಿಂದು ಬೆಳೆದವರು ಹಣ್ಣು ಅಂತಾರೆ, ಲಿಚಿಯನ್ನೇ ಕಾಣದವರು ಗುಲಾಬಿ ಅಂತಾರೆ. ವಾದ ಮಾಡುವ ಅಗತ್ಯವೇ ಇಲ್ಲ.

ಮೂರನೆಯದು ನೆನಪು. ನಮ್ಮಲ್ಲಿ ಪುದೀನ ಮತ್ತು ಸೋಂಪಿನ ಜೋಡಿ ನೆನಪಿಸುವುದು ಊಟವಾದ ಮೇಲಿನ ಬಾಯಿಘಮಲನ್ನು, ಇಲ್ಲವೇ ಗಂಟಲು ನೋವಿನ ಔಷಧಿಯನ್ನು. ಚಕ್ರಮೊಗ್ಗಿಗೂ ಸೋಂಪಿಗೂ ಮುಖ್ಯ ಪರಿಮಳ ಕೊಡುವ ಅಣು ಒಂದೇ, ಅನೆಥೋಲ್. ಅದಕ್ಕೇ ‘ಕೆಮ್ಮಿನ ಸಿರಪ್’ ಎಂಬ ಮಾತು. ಫ್ರಾನ್ಸಿನಲ್ಲಿ ಅದೇ ಸೋಂಪಿನ ಘಮ ಬೇಸಿಗೆ ಸಂಜೆಯ ಪಾಸ್ಟಿಸ್ ಎಂಬ ಪಾನೀಯದ್ದು. ಅವರಿಗೆ ಹಬ್ಬದ ಸೂಚನೆ, ನಮಗೆ ಶೀತದ ಸೂಚನೆ.

‘ಪಾಚಿ ವಾಸನೆ’ ಅಂತಾರಲ್ಲ, ಅದು ಏನು? ಹಣ್ಣಿನ ಪರ್ಫ್ಯೂಮಿಗೆ ಅದನ್ನು ಯಾಕೆ ಹಾಕಬೇಕು?

ಓಕ್‌ಮಾಸ್ ನಿಜಕ್ಕೂ ಪಾಚಿಯಲ್ಲ, ಯುರೋಪಿನಲ್ಲಿ ಓಕ್ ಮರದ ಕೊಂಬೆಗಳ ಮೇಲೆ ಬೆಳೆಯುವ ಕಲ್ಲುಹೂವಿನ ಜಾತಿಯದು. ಪಲಾವಿಗೆ, ಮಸಾಲೆಪುಡಿಗೆ ಹಾಕುವ ನಮ್ಮ ಕಲ್ಲುಹೂವಿನ ಕುಟುಂಬವೇ. ಡಬ್ಬಿಯಿಂದ ಒಂದು ಚೂರು ತೆಗೆದು, ಹುರಿಯುವ ಮುಂಚೆ, ಅಂಗೈಯಲ್ಲಿ ಪುಡಿಮಾಡಿ ಮೂಸಿ: ಮಣ್ಣು, ತೊಗಟೆ, ಸ್ವಲ್ಪ ಒಗರು, ಸ್ವಲ್ಪ ಕಾಗದ. ಇವ್ರೆಸ್‌ನ ತಳದಲ್ಲಿ ಕೂತಿರುವುದು ಈ ಸ್ವಭಾವವೇ. ಇದನ್ನು ಗುರುತಿಸಿದ ಮೇಲೆ ಆ ಪರ್ಫ್ಯೂಮ್ ನಿಮಗೆ ಪರಕೀಯವಾಗಿ ಉಳಿಯುವುದಿಲ್ಲ.

ಹಾಕುವುದು ಯಾಕೆಂದರೆ, ಹಣ್ಣು ಒಂಟಿಯಾಗಿ ನಿಲ್ಲುವುದಿಲ್ಲ. ಬರೀ ಪೀಚ್ ಇದ್ದರೆ ಅರ್ಧ ಗಂಟೆಗೆ ಜಾಮಿನ ಡಬ್ಬಿಯಾಗುತ್ತದೆ. ಒಗರಿನ ತಳ ಸಿಹಿಗೆ ಗೆರೆ ಹಾಕುತ್ತದೆ. ಈ ಉಪಾಯ ಗ್ರೋಜ್‌ಸ್ಮನ್ ಅವರದ್ದೇನೂ ಅಲ್ಲ. ಫ್ರಾಂಸ್ವಾ ಕೋಟಿ 1917ರಲ್ಲಿ ‘ಶೀಪ್ರ್’ ಎಂಬ ಪರ್ಫ್ಯೂಮ್ ತಂದ. ನಿಂಬೆಜಾತಿಯ ಬರ್ಗಮಾಟ್ ಮೇಲೆ, ಓಕ್‌ಮಾಸ್ ಕೆಳಗೆ. ಆ ಜೋಡಣೆಗೆ ಇಂದಿಗೂ ಅದೇ ಹೆಸರು. 1919ರಲ್ಲಿ ಜಾಕ್ ಗೆರ್ಲಾಂ ‘ಮಿತ್ಸುಕೋ’ದಲ್ಲಿ ಅದರೊಳಗೆ ಪೀಚ್ ಇಟ್ಟರು. 1944ರಲ್ಲಿ ಎಡ್ಮಂಡ್ ರುಡ್ನಿಟ್ಸ್ಕಾ ರೋಷಾಸ್ ಕಂಪನಿಯ ‘ಫಾಮ್’ಗೆ ಪ್ಲಮ್ ತಂದರು. ಇವ್ರೆಸ್ ಈ ವಂಶದ ಕೂಸು. ಹಣ್ಣಿನ ಶೀಪ್ರ್ ಅಂತ ಇದನ್ನು ಕರೆಯುವುದು ಅದಕ್ಕೇ.

ನನಗೆ ಸಿಹಿ ಪರ್ಫ್ಯೂಮ್ ಇಷ್ಟ. ಇದು ಇಷ್ಟವಾಗುತ್ತಾ?

ಕಷ್ಟ. ಇವ್ರೆಸ್‌ಗಿಂತ ಒಂದು ವರ್ಷ ಮುಂಚೆ, 1992ರಲ್ಲಿ, ಮ್ಯೂಗ್ಲರ್ ಕಂಪನಿಯ ‘ಏಂಜೆಲ್’ ಬಂತು. ಸುಟ್ಟ ಸಕ್ಕರೆಯ ಘಮ ಕೊಡುವ ಈಥೈಲ್ ಮಾಲ್ಟಾಲ್ ಅದರಲ್ಲಿ ಧಾರಾಳ. ಆಮೇಲಿನ ಹಣ್ಣಿನ ಪರ್ಫ್ಯೂಮುಗಳು ಬಹಳಷ್ಟು ಆ ಮಿಠಾಯಿಯ ದಾರಿ ಹಿಡಿದವು. ಈಗ ‘ಹಣ್ಣಿನದು’ ಅಂದರೆ ಚಾಕಲೇಟು, ವೆನಿಲ್ಲಾ ಜೊತೆಗೇ ಇರುತ್ತದೆ ಅಂತ ನಂಬಿದವರಿಗೆ ಇವ್ರೆಸ್ ಹುಳಿ, ಒಣಕಲು ಅನಿಸಬಹುದು.

ಇದು ವಯಸ್ಸಾದವರ ಸೆಂಟಾ?

ಈ ಮಾತು ನನಗೆ ಬೇಸರ ತರಿಸುತ್ತದೆ. ಓಕ್‌ಮಾಸ್ ತಳದ ಪರಿಮಳಗಳು ಅಮ್ಮ, ಅತ್ತೆಯರ ಕಾಲದಲ್ಲಿ ಹೆಚ್ಚಾಗಿ ಇದ್ದವು, ಹಾಗಾಗಿ ಆ ವಾಸನೆಗೂ ಆ ಮುಖಗಳಿಗೂ ನಂಟು ಬಿದ್ದಿದೆ. ಇಪ್ಪತ್ತೈದರ ಹುಡುಗಿ ಹಚ್ಚಿದರೂ ಚೆನ್ನ, ಎಪ್ಪತ್ತರ ಅಜ್ಜಿ ಹಚ್ಚಿದರೂ ಚೆನ್ನ. ಗಂಡಸರೂ ಹಚ್ಚಬಹುದು, ಲಾವಂಚ ಮತ್ತು ಪಚೋಲಿ ಹೆಂಗಸರ ಸ್ವತ್ತೇನಲ್ಲ.

ನನ್ನ ಹಳೇ ಬಾಟಲಿಗೂ ಗೆಳತಿಯ ಬಾಟಲಿಗೂ ಪರಿಮಳ ಬೇರೆ. ಒಂದು ನಕಲಿಯಾ?

ನಕಲಿಯೇ ಆಗಬೇಕಿಲ್ಲ. ಎರಡು ಕಾರಣಗಳು ಇರಬಹುದು.

ವಯಸ್ಸು ಒಂದು. ಹಣ್ಣು, ಪುದೀನದ ಹಗುರ ಅಣುಗಳು ಗಾಳಿ, ಬೆಳಕು, ಬಿಸಿಗೆ ಬೇಗ ಕೆಡುತ್ತವೆ. ಹಳೇ ಬಾಟಲಿಯ ಮೊದಲ ಸ್ಪ್ರೇ ಉಗುರುಬಣ್ಣದ ಹಾಗೆ ಖಾರವಾಗಿ ಬರಬಹುದು, ಹತ್ತು ನಿಮಿಷ ಕಾದರೆ ಗುಲಾಬಿ ಮತ್ತು ತಳ ಸರಿಯಾಗಿಯೇ ಇರುತ್ತವೆ. ಎಷ್ಟೋ ಜನ ಆ ಮೊದಲ ಖಾರಕ್ಕೆ ಹೆದರಿ ಒಳ್ಳೆಯ ಬಾಟಲಿ ಎಸೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಯಮಗಳು ಇನ್ನೊಂದು. ಓಕ್‌ಮಾಸ್‌ನಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಎಂಬ ಅಂಶಗಳು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಹಾಗಾಗಿ ಉದ್ಯಮ ಮೊದಲು ಬಳಕೆಯ ಪ್ರಮಾಣಕ್ಕೆ ಮಿತಿ ಹಾಕಿಕೊಂಡಿತು, 2017ರಲ್ಲಿ ಐರೋಪ್ಯ ಒಕ್ಕೂಟ ಈ ಎರಡು ಅಂಶಗಳನ್ನೇ ಪ್ರಸಾಧನಗಳಿಂದ ನಿಷೇಧಿಸಿತು. ಈಗ ಅವನ್ನು ತೆಗೆದು ಶುದ್ಧಿಮಾಡಿದ ಓಕ್‌ಮಾಸ್ ಬಳಸುತ್ತಾರೆ, ಅಥವಾ ಬದಲಿ ಅಣುಗಳನ್ನು. ಈ ಜಾತಿಯ ಯಾವ ಪರ್ಫ್ಯೂಮನ್ನೇ ತೆಗೆದುಕೊಳ್ಳಿ, ಹಳೆಯದರ ತಳ ಆಳವಾಗಿಯೂ ಹೊಸದರದ್ದು ತೆಳುವಾಗಿಯೂ ಇರುವುದು ಮಾಮೂಲು. ‘ಪಾಚಿಯೇ ಗೊತ್ತಾಗಲಿಲ್ಲ’ ಅನ್ನುವವರು ಮತ್ತು ‘ಬರೀ ಪಾಚಿ’ ಅನ್ನುವವರು ಬೇರೆ ಬೇರೆ ಕಾಲದ ಬಾಟಲಿ ಹಿಡಿದು ಜಗಳವಾಡುತ್ತಿರಬಹುದು.

ಅಲರ್ಜಿ ಆಗುತ್ತಾ?

ಆಗಬಹುದು. ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಮುಂಚೆಯೇ ಪರ್ಫ್ಯೂಮಿನಿಂದ ತುರಿಕೆ ಬಂದವರು ಚರ್ಮದ ವೈದ್ಯರನ್ನು ಕೇಳದೆ ಹಳೇ ಶೀಪ್ರ್ ಬಾಟಲಿಗಳ ತಂಟೆಗೆ ಹೋಗಬೇಡಿ.

ನಮ್ಮ ಹವೆಯಲ್ಲಿ ಇದನ್ನು ಹೇಗೆ ಹಚ್ಚಬೇಕು?

ಬಿಸಿ ಹೆಚ್ಚಿದಷ್ಟೂ ಪರಿಮಳ ಬೇಗ ಏಳುತ್ತದೆ. ಪ್ಯಾರಿಸಿನ ಚಳಿಯಲ್ಲಿ ಮೂರು ಸಲ ಒತ್ತಿದ್ದು ಮಂಗಳೂರಿನ ಏಪ್ರಿಲ್ ಮಧ್ಯಾಹ್ನ ಒಂದೇ ಸಲಕ್ಕೆ ಸಮ. ಸೆಕೆಯಲ್ಲಿ ಹಣ್ಣು ಕೊಳೆತಂತೆ ಅನಿಸಿತು, ತಲೆ ಹಿಡಿಯಿತು ಅಂತ ದೂರುವವರಲ್ಲಿ ಬಹಳಷ್ಟು ಮಂದಿ ಹೆಚ್ಚು ಹಚ್ಚಿದವರು. ಬೆಂಗಳೂರಿನ ಡಿಸೆಂಬರ್ ಸಂಜೆ, ಮಡಿಕೇರಿಯ ಮಳೆಗಾಲ ಇದಕ್ಕೆ ಹೇಳಿಮಾಡಿಸಿದ ಹವೆ. ತೇವದ ಗಾಳಿಯಲ್ಲಿ ಲಾವಂಚ, ಓಕ್‌ಮಾಸ್ ಎರಡೂ ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಮಲ್ಲಿಗೆ ಮುಡಿದ ದಿನ ಮಾತ್ರ ಬೇಡ, ಎರಡಕ್ಕೂ ಅನ್ಯಾಯ.

ಬಾಟಲಿ ಬಚ್ಚಲುಮನೆಯಲ್ಲಿ, ಕಿಟಕಿಯ ಪಕ್ಕ ಇಡಬೇಡಿ. ರಟ್ಟಿನ ಡಬ್ಬಿಯ ಸಮೇತ ಬೀರುವಿನೊಳಗೆ ಇರಲಿ.

ಸರಿಯಾಗಿ ಪರೀಕ್ಷೆ ಮಾಡೋದು ಹೇಗೆ?

ಬೆಳಿಗ್ಗೆ, ಬೇರೆ ಏನೂ ಹಚ್ಚದ ಕೈಗೆ ಒಂದೇ ಸಲ ಒತ್ತಿ. ಮಣಿಕಟ್ಟುಗಳನ್ನು ತಿಕ್ಕಬೇಡಿ. ಆಗಲೇ ಒಮ್ಮೆ, ಅರ್ಧ ಗಂಟೆಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಲಗುವ ಮುಂಚೆ ಒಮ್ಮೆ ಮೂಸಿ. ನಡುವೆ ಪದೇ ಪದೇ ಮೂಸಿದರೆ ಮೂಗು ದಣಿದು ಪರಿಮಳ ಮಾಯವಾದಂತೆ ಅನಿಸುತ್ತದೆ. ‘ಒಂದು ಗಂಟೆಯೂ ನಿಲ್ಲಲಿಲ್ಲ’ ಅನ್ನುವ ದೂರು ಎಷ್ಟೋ ಸಲ ಇದರದ್ದು. ಎದುರಿಗೆ ಕೂತವರನ್ನು ಕೇಳಿ ನೋಡಿ, ಅವರಿಗೆ ಇನ್ನೂ ಬರುತ್ತಿರುತ್ತದೆ.

ಈಗ ಎಲ್ಲಿ ಸಿಗುತ್ತೆ? ಹಳೇ ಬಾಟಲಿ ಕೊಳ್ಳಬಹುದಾ?

ಮಾಮೂಲಿ ಅಂಗಡಿಗಳಲ್ಲಿ ಕಾಣುವುದಿಲ್ಲ. ಹಳೆಯ ದಾಸ್ತಾನು ಮಾರುವವರ ಹತ್ತಿರ ಹುಡುಕಬೇಕು. ಸಾಧ್ಯವಾದರೆ ಮೊದಲು ಒಂದೆರಡು ಮಿಲಿಲೀಟರ್ ಮಾದರಿ ತರಿಸಿ ನೋಡಿ. ಬಾಟಲಿ ಕೊಳ್ಳುವುದಾದರೆ ದ್ರವ ಎಷ್ಟು ಎತ್ತರಕ್ಕಿದೆ, ಬಣ್ಣ ಕಪ್ಪಿಟ್ಟಿದೆಯಾ ಅಂತ ಹಗಲು ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ. ‘ಶಾಂಪೇನ್’ ಅಂತ ಬರೆದದ್ದು ಹೆಸರು ಬದಲಾಗುವ ಮುಂಚಿನದು ಅಂತ ಹೇಳಿ ಹೆಚ್ಚು ಬೆಲೆ ಕೇಳುತ್ತಾರೆ. ಸಂಗ್ರಹಕ್ಕಾದರೆ ಸರಿ, ಹಚ್ಚಿಕೊಳ್ಳಲು ಚೆನ್ನಾಗಿ ಇಟ್ಟ ಇವ್ರೆಸ್ ಸಾಕು. ಹೊರದೇಶದಿಂದ ಬರುವ ನೆಂಟರಿಗೆ ಹೇಳುವುದಾದರೆ, ವಿಮಾನದ ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿಯನ್ನು ಬಹಳಷ್ಟು ನಿಲ್ದಾಣಗಳಲ್ಲಿ ಬಿಡುವುದಿಲ್ಲ ಅನ್ನೋದನ್ನು ಮೊದಲೇ ತಿಳಿಸಿ.

ಸಿಗದೇ ಹೋದರೆ ಬದಲಿಗೆ ಏನು?

ತದ್ರೂಪ ಬೇರೊಂದಿಲ್ಲ. ನಿಮಗೆ ಹಿಡಿಸಿದ್ದು ಪೀಚ್ ಮತ್ತು ಗುಲಾಬಿಯಾದರೆ ಗ್ರೋಜ್‌ಸ್ಮನ್ ಅವರದೇ ಟ್ರೆಸೋರ್ ಮೂಸಿ, ಅದು ಇನ್ನೂ ತಯಾರಾಗುತ್ತಿದೆ. ಪಾಚಿಯ ಕಡೆ ಮನಸ್ಸು ಎಳೆದಿದ್ದರೆ ಮಿತ್ಸುಕೋ. ಇವ್ರೆಸ್‌ಗಿಂತ ಗಂಭೀರ, ಪುದೀನದ ಚುರುಕು ಇಲ್ಲ, ಒಲಿಯಲು ಹೆಚ್ಚು ಸಮಯ ಬೇಡುತ್ತದೆ. ಎರಡನ್ನೂ ಒಂದೊಂದು ಕೈಗೆ ಹಚ್ಚಿಕೊಂಡು ಸಂಜೆಯವರೆಗೆ ಇರಿ. ಮಲಗುವ ಹೊತ್ತಿಗೆ ಯಾವ ಕೈಯನ್ನು ಮತ್ತೆ ಮತ್ತೆ ಮೂಸುತ್ತೀರೋ ಅದನ್ನೇ ಕೊಳ್ಳಿ.